ಕ್ವಾಂಟಮ್ ವಿಜ್ಞಾನ, ನಗರ, ನಾಗರಿಕರು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ವಾಂಟಮ್ ತಂತ್ರಜ್ಞಾನದ ಬಗ್ಗೆ ಗ್ರಂಥಾಲಯದಲ್ಲೋ ಶಾಲೆಯಲ್ಲೋ ಸಾರ್ವಜನಿಕ ಸಭೆಯಲ್ಲೋ ಮಾತಾಡಲು ಹೊರಟವರಿಗೆ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನು ಇಲ್ಲಿ ಒಟ್ಟು ಹಾಕಲಾಗಿದೆ. ಕೆಲವಕ್ಕೆ ಉದ್ದದ ಉತ್ತರ ಬೇಕು. ಕೆಲವಕ್ಕೆ ನಾಲ್ಕು ಸಾಲು ಸಾಕು.

ಇದು ಪ್ರಯೋಗಾಲಯದ ವಿಷಯ. ಬೀದಿಯಲ್ಲಿ ಓಡಾಡುವ ನಮಗೂ ಇದಕ್ಕೂ ಏನು ಸಂಬಂಧ?

ಕ್ವಾಂಟಮ್ ಬೀದಿಗೆ ಬಂದು ಬಹಳ ಕಾಲ ಆಯಿತು. ದೀಪದ ಕಂಬದ ಎಲ್‌ಇಡಿ, ಬಾರ್‌ಕೋಡ್ ಓದುವ ಲೇಸರ್, ಮಾಳಿಗೆ ಮೇಲಿನ ಸೋಲಾರ್ ಪ್ಯಾನೆಲ್, ಆಸ್ಪತ್ರೆಯ ಎಂಆರ್‌ಐ ಯಂತ್ರ, ಫೋನಿನೊಳಗಿನ ಟ್ರಾನ್ಸಿಸ್ಟರ್, ಇವೆಲ್ಲ ನಡೆಯುವುದೇ ಕ್ವಾಂಟಮ್ ನಿಯಮಗಳ ಮೇಲೆ, ಅಂದರೆ ಪರಮಾಣು, ಬೆಳಕಿನ ಕಣಗಳಂಥ ಅತಿ ಸಣ್ಣ ವಸ್ತುಗಳ ನಡವಳಿಕೆಯ ನಿಯಮಗಳ ಮೇಲೆ. ಮೊದಲ ಟ್ರಾನ್ಸಿಸ್ಟರ್ ಬಂದದ್ದು 1947ರಲ್ಲಿ, ಮೊದಲ ಲೇಸರ್ 1960ರಲ್ಲಿ.

ಕಣ್ಣಿಗೆ ಬೀಳದ ಇನ್ನೊಂದು ಉದಾಹರಣೆ ಇದೆ: ಗಡಿಯಾರ. ಒಂದು ಸೆಕೆಂಡ್ ಎಂದರೆ ಎಷ್ಟು ಎಂಬುದನ್ನು 1967ರಿಂದ ಸೀಸಿಯಂ ಪರಮಾಣು ಹೇಳುತ್ತಿದೆ. ಆ ಪರಮಾಣು ಎರಡು ಶಕ್ತಿಮಟ್ಟಗಳ ನಡುವೆ ಬದಲಾಗುವಾಗ ಹೊಮ್ಮುವ ವಿಕಿರಣ 919 ಕೋಟಿ 26 ಲಕ್ಷ 31 ಸಾವಿರದ 770 ಸಲ ಕಂಪಿಸಿದರೆ ಒಂದು ಸೆಕೆಂಡ್. ಜಿಪಿಎಸ್ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಅಲ್ಲಿ ಒಂದು ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ) ತಪ್ಪಿದರೆ ಇಲ್ಲಿ ದೂರದ ಲೆಕ್ಕ ಸುಮಾರು 30 ಸೆಂಟಿಮೀಟರ್ ತಪ್ಪುತ್ತದೆ. ಬರೀ ದಾರಿ ತೋರಿಸುವುದಕ್ಕಲ್ಲ, ಮೊಬೈಲ್ ಜಾಲ, ವಿದ್ಯುತ್ ಜಾಲ, ಷೇರುಪೇಟೆಗಳಿಗೂ ಈ ಸಮಯ ಬೇಕು. ಇಷ್ಟೊಂದು ವ್ಯವಸ್ಥೆ ಒಂದೇ ಸಮಯದ ಮೂಲವನ್ನು ನೆಚ್ಚಿಕೊಂಡಿದೆ ಎಂಬುದು ಬಹಳ ಊರುಗಳಲ್ಲಿ ಯಾವತ್ತೂ ಚರ್ಚೆಗೇ ಬಂದಿಲ್ಲ.

ಅದೆಲ್ಲ ಹಳೆಯದಾಯಿತು. ಈಗ ಹೊಸದು ಅನ್ನುತ್ತಿರುವುದು ಏನು?

ಟ್ರಾನ್ಸಿಸ್ಟರ್, ಲೇಸರ್‌ಗಳಲ್ಲಿ ಲೆಕ್ಕವಿಲ್ಲದಷ್ಟು ಕಣಗಳು ಒಟ್ಟಾಗಿ ಕೆಲಸ ಮಾಡುತ್ತವೆ. ಈಗ ಒಂದೊಂದೇ ಪರಮಾಣು, ಒಂದೊಂದೇ ಬೆಳಕಿನ ಕಣ, ಒಂದೊಂದೇ ಪುಟ್ಟ ವಿದ್ಯುತ್ ಮಂಡಲವನ್ನು ಬೇಕಾದಂತೆ ಆಡಿಸುವುದು ಸಾಧ್ಯವಾಗಿದೆ. ಇದನ್ನು ಬಳಸುವ ದಾರಿಗಳು ಮೂರು: ಲೆಕ್ಕ ಮಾಡುವುದು, ಸಂದೇಶ ಕಳಿಸುವುದು, ಅಳೆಯುವುದು. ಸುದ್ದಿಯಲ್ಲಿ ಲೆಕ್ಕದ್ದೇ ಜಾಸ್ತಿ. ನಗರಕ್ಕೆ ಮೊದಲು ಉಪಯೋಗಕ್ಕೆ ಬರುವುದು ಬಹುಶಃ ಅಳೆಯುವ ಉಪಕರಣಗಳು.

ಕ್ವಾಂಟಮ್ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಂದೇ ಸಲ ಹುಡುಕುತ್ತದಂತೆ. ನಿಜಾನಾ?

ಇಲ್ಲ. ಹಾಗೆ ಹೇಳುವುದು ಸುಲಭ, ಅದಕ್ಕೇ ಎಲ್ಲರೂ ಹೇಳುತ್ತಾರೆ. ಕ್ಯೂಬಿಟ್‌ಗಳ, ಅಂದರೆ ಕ್ವಾಂಟಮ್ ಕಂಪ್ಯೂಟರಿನಲ್ಲಿ ಮಾಹಿತಿಯ ಅತಿ ಸಣ್ಣ ಘಟಕಗಳ, ಒಂದು ಗುಂಪು ಅನೇಕ ಸಾಧ್ಯತೆಗಳ ಬೆರಕೆಯಲ್ಲಿ ಇರಬಲ್ಲದು, ಅದು ಸರಿ. ಆದರೆ ಅಳೆದಾಗ ಕೈಗೆ ಸಿಗುವುದು ಒಂದೇ ಉತ್ತರ. ಸುಮ್ನೆ ಅಳೆದರೆ ಯಾವುದೋ ಒಂದು ಬರುತ್ತದೆ, ಅದರಿಂದ ಏನೂ ಪ್ರಯೋಜನವಿಲ್ಲ. ಕೆರೆಗೆ ಎರಡು ಕಲ್ಲು ಹಾಕಿದಾಗ ಅಲೆಗಳು ಕೆಲವು ಕಡೆ ಸೇರಿ ದೊಡ್ಡದಾಗುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಇಲ್ಲೂ ಹಾಗೆಯೇ, ತಪ್ಪು ಉತ್ತರಗಳು ಅಳಿಸಿಹೋಗಿ ಸರಿಯುತ್ತರ ಮೇಲೆ ಬರುವ ಹಾಗೆ ಲೆಕ್ಕವನ್ನು ಹೆಣೆಯಬೇಕು. ಹೀಗೆ ಹೆಣೆಯಲು ಬರುವ ಸಮಸ್ಯೆಗಳು ಈವರೆಗೆ ಕೆಲವೇ ಕೆಲವು ಸಿಕ್ಕಿವೆ. ದೊಡ್ಡ ಸಂಖ್ಯೆಯ ಅಪವರ್ತನ, ಅಂದರೆ ಯಾವ ಸಂಖ್ಯೆಗಳನ್ನು ಗುಣಿಸಿದರೆ ಅದು ಬರುತ್ತದೆ ಎಂದು ಹುಡುಕುವುದು, ಒಂದು. ಅಣುಗಳ ನಡವಳಿಕೆಯನ್ನು ಲೆಕ್ಕ ಹಾಕುವುದು ಇನ್ನೊಂದು. ಬಾಕಿ ಕೆಲಸಗಳಿಗೆ ಈಗಿನ ಕಂಪ್ಯೂಟರೇ ಸಾಕು, ಎಷ್ಟೋ ಸಲ ಅದೇ ವಾಸಿ.

ಟ್ರಾಫಿಕ್ ಸಮಸ್ಯೆಯನ್ನು ಇದು ಬಗೆಹರಿಸುತ್ತದಾ?

2019ರ ನವೆಂಬರಿನಲ್ಲಿ ಲಿಸ್ಬನ್ ನಗರದಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ 9 ಬಸ್‌ಗಳ ದಾರಿಯನ್ನು ಡಿ-ವೇವ್ ಎಂಬ ಕಂಪನಿಯ ಕ್ವಾಂಟಮ್ ಯಂತ್ರದ ನೆರವಿನಿಂದ ನಿಗದಿ ಮಾಡಿ ತೋರಿಸಿತು. ಒಳ್ಳೆಯ ಪ್ರದರ್ಶನವೇ. ಆದರೆ 9 ಬಸ್‌ಗಳ ದಾರಿ ಹುಡುಕುವುದು ಮಾಮೂಲಿ ಕಂಪ್ಯೂಟರಿಗೂ ಕಷ್ಟದ ಕೆಲಸವಲ್ಲ. ಅಷ್ಟಕ್ಕೂ ರಸ್ತೆ ತುಂಬುವುದು ಲೆಕ್ಕ ಬಾರದ್ದಕ್ಕಲ್ಲ, ಬಸ್ಸಿಗಿಂತ ಕಾರು ಜಾಸ್ತಿ ಆಗಿರುವುದಕ್ಕೆ. ಬಸ್ಸೋ ಕಾರೋ ಎಂಬ ತೀರ್ಮಾನ ಜನ ತೆಗೆದುಕೊಳ್ಳಬೇಕಾದದ್ದು. ನಗರದ ಸಮಸ್ಯೆಗೆ ಕ್ವಾಂಟಮ್ ಪರಿಹಾರ ತಂದಿದ್ದೇವೆ ಎಂದು ಯಾರಾದರೂ ಬಂದರೆ ಮೊದಲು ಕೇಳಬೇಕಾದದ್ದು ಒಂದೇ: ಇದೇ ಕೆಲಸವನ್ನು ಮಾಮೂಲಿ ಕಂಪ್ಯೂಟರಿಗೆ ಕೊಟ್ಟು ನೋಡಿದ್ದೀರಾ?

ನಮ್ಮ ಪಾಸ್‌ವರ್ಡ್, ಬ್ಯಾಂಕ್ ಖಾತೆ ಎಲ್ಲ ಬಯಲಾಗುತ್ತವಾ?

ಇವತ್ತಿಗೆ ಇಲ್ಲ. ಆದರೆ ಈ ಪುಟದಲ್ಲಿ ಚಿಂತೆ ಮಾಡಬೇಕಾದ ವಿಷಯ ಅಂತ ಇದ್ದರೆ ಇದೇ.

ಇಂಟರ್ನೆಟ್ಟಿನಲ್ಲಿ ಇಬ್ಬರು ಗುಟ್ಟಾಗಿ ಮಾತಾಡಲು ಮೊದಲು ಒಂದು ಕೀಲಿಯನ್ನು ಒಪ್ಪಿಕೊಳ್ಳಬೇಕು. ಅದಕ್ಕೆ ಬಹುಕಾಲದಿಂದ ಬಳಸುತ್ತಿರುವ ಆರ್‌ಎಸ್‌ಎಯಂಥ ವಿಧಾನಗಳು ಕೆಲವು ಗಣಿತದ ಲೆಕ್ಕಗಳು ತೀರಾ ಕಷ್ಟ ಎಂಬ ನಂಬಿಕೆಯ ಮೇಲೆ ನಿಂತಿವೆ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಇದ್ದರೆ ಆ ಲೆಕ್ಕಗಳು ಸುಲಭ ಎಂದು ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದರು. ದೊಡ್ಡದು ಎಂದರೆ ಎಷ್ಟು? 2048 ಬಿಟ್‌ನ ಆರ್‌ಎಸ್‌ಎ ಒಡೆಯಲು 2 ಕೋಟಿ ಕ್ಯೂಬಿಟ್, 8 ಗಂಟೆ ಬೇಕು ಎಂದು 2019ರ ಒಂದು ಅಂದಾಜು ಹೇಳಿತು. 2025ರ ಅಂದಾಜಿನಲ್ಲಿ ಅದು 10 ಲಕ್ಷ ಕ್ಯೂಬಿಟ್‌ಗಿಂತ ಕಡಿಮೆಗೆ ಇಳಿಯಿತು, ಸಮಯ ಒಂದು ವಾರದೊಳಗೆ. ಐಬಿಎಂ 2023ರಲ್ಲಿ ತೋರಿಸಿದ ದೊಡ್ಡ ಚಿಪ್‌ನಲ್ಲಿ ಇದ್ದದ್ದು 1,121 ಕ್ಯೂಬಿಟ್. ನಡುವಿನ ಅಂತರ ಇನ್ನೂ ಬಹಳ ಇದೆ. ಆದರೆ ಅದು ಎರಡೂ ಕಡೆಯಿಂದ ಕಡಿಮೆಯಾಗುತ್ತಿದೆ ಎಂಬುದನ್ನು ಗಮನಿಸಿ. ಯಂತ್ರ ದೊಡ್ಡದಾಗುತ್ತಿದೆ, ಬೇಕಾದ ಗಾತ್ರ ಚಿಕ್ಕದಾಗುತ್ತಿದೆ.

ಪರಿಹಾರವೂ ಬಂದಿದೆ. ಕ್ವಾಂಟಮ್ ಯಂತ್ರಕ್ಕೂ ಕಷ್ಟವೆಂದು ನಂಬಲಾಗಿರುವ ಬೇರೆ ಗಣಿತವನ್ನು ಆಧರಿಸಿದ ಮೊದಲ ಮೂರು ಮಾನದಂಡಗಳನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟಿನಲ್ಲಿ ಪ್ರಕಟಿಸಿತು. ಇವು ಮಾಮೂಲಿ ಫೋನ್, ಕಂಪ್ಯೂಟರುಗಳಲ್ಲೇ ಓಡುತ್ತವೆ. ಸಿಗ್ನಲ್ ಎಂಬ ಸಂದೇಶದ ಆ್ಯಪ್ 2023ರಲ್ಲೇ ಇಂಥ ವಿಧಾನಕ್ಕೆ ಬಂತು, ಆ್ಯಪಲ್‌ನ ಐಮೆಸೇಜ್ 2024ರಲ್ಲಿ. ನಿಮಗೆ ಗೊತ್ತೇ ಆಗದ ಹಾಗೆ ನಿಮ್ಮ ಫೋನು ಆಗಲೇ ಬದಲಾಗಿರಬಹುದು.

ಹಾಗಿದ್ದರೆ ಕಂಪನಿಗಳು ನೋಡಿಕೊಳ್ಳುತ್ತವೆ. ನಗರಾಡಳಿತಕ್ಕೆ ಇದರಲ್ಲೇನು ಕೆಲಸ?

ಬೇಕಾದಷ್ಟಿದೆ. ಸಂದೇಶದ ಆ್ಯಪ್ ಒಂದು ಅಪ್‌ಡೇಟಿನಲ್ಲಿ ಬದಲಾಗುತ್ತದೆ. ನೀರಿನ ಪಂಪುಗಳ ನಿಯಂತ್ರಕ, ಸ್ಮಾರ್ಟ್ ಮೀಟರ್, ಸಿಗ್ನಲ್ ದೀಪದ ಪೆಟ್ಟಿಗೆ, ಪ್ರಯಾಣದ ಕಾರ್ಡ್ ಓದುವ ಯಂತ್ರ, ಇವು ಒಮ್ಮೆ ಕೂರಿಸಿದರೆ ಹದಿನೈದು, ಇಪ್ಪತ್ತು ವರ್ಷ ಅಲ್ಲೇ ಇರುತ್ತವೆ. ಇವತ್ತು ಕರೆಯುವ ಟೆಂಡರಿನಲ್ಲಿ "ಎನ್‌ಕ್ರಿಪ್ಶನ್ (ಮಾಹಿತಿಯನ್ನು ಗುಟ್ಟಾಗಿಡುವ ವಿಧಾನ) ಬದಲಾಯಿಸಲು ಬರುವಂತಿರಬೇಕು" ಎಂಬ ಒಂದು ಸಾಲು ಇಲ್ಲದಿದ್ದರೆ, ಮುಂದೆ ಪೆಟ್ಟಿಗೆಯನ್ನೇ ಕಿತ್ತು ಹಾಕಬೇಕಾದೀತು.

ಇನ್ನು ದಾಖಲೆಗಳು. ಆಸ್ಪತ್ರೆಯ ಕಡತ, ದತ್ತು ಪಡೆದವರ ವಿವರ, ಪೊಲೀಸ್ ಸಾಕ್ಷಿಗಳ ಹೆಸರು, ಇವು ದಶಕಗಟ್ಟಲೆ ಗುಟ್ಟಾಗಿರಬೇಕು. ಈಗ ಹರಿದಾಡುವ ಎನ್‌ಕ್ರಿಪ್ಟ್ ಆದ ಮಾಹಿತಿಯನ್ನು ಯಾರಾದರೂ ಹಾಗೇ ನಕಲು ಮಾಡಿ ಇಟ್ಟುಕೊಂಡು, ಯಂತ್ರ ಬಂದ ದಿನ ಬಿಡಿಸಿ ಓದಬಹುದು. ಗಣಿತಜ್ಞ ಮಿಷೆಲ್ ಮೋಸ್ಕಾ ಇದನ್ನು ಒಂದು ಸರಳ ಕೂಡುವ ಲೆಕ್ಕಕ್ಕೆ ಇಳಿಸಿದ್ದಾರೆ. ಮಾಹಿತಿ ಎಷ್ಟು ವರ್ಷ ಗುಟ್ಟಾಗಿರಬೇಕು, ವ್ಯವಸ್ಥೆ ಬದಲಿಸಲು ಎಷ್ಟು ವರ್ಷ ಬೇಕು, ಎರಡನ್ನೂ ಕೂಡಿ. ಆ ಮೊತ್ತ ಕ್ವಾಂಟಮ್ ಯಂತ್ರ ಬರಲು ಹಿಡಿಯುವ ವರ್ಷಗಳಿಗಿಂತ ಜಾಸ್ತಿ ಇದ್ದರೆ ನೀವು ಆಗಲೇ ತಡಮಾಡಿದ್ದೀರಿ. 25 ವರ್ಷ ಗುಟ್ಟಾಗಿರಬೇಕಾದ ಕಡತ, ಬದಲಿಸಲು 10 ವರ್ಷ ತೆಗೆದುಕೊಳ್ಳುವ ಕಚೇರಿ ಎಂದಿಟ್ಟುಕೊಳ್ಳಿ. ಒಟ್ಟು 35. ಯಂತ್ರ 35 ವರ್ಷ ಬರುವುದಿಲ್ಲ ಎಂದು ಬರೆದುಕೊಡುವವರು ಯಾರಿದ್ದಾರೆ?

ಬ್ರಿಟನ್ನಿನ ಸೈಬರ್ ಭದ್ರತಾ ಕೇಂದ್ರ ತನ್ನ ದೇಶದ ಸಂಸ್ಥೆಗಳಿಗೆ 2028, 2031, 2035 ಎಂದು ಮೂರು ಗಡುವು ಹಾಕಿದೆ. 2028ರೊಳಗೆ ಮಾಡಬೇಕಾದದ್ದು ತುಂಬ ಸಾದಾ ಕೆಲಸ: ಎಲ್ಲೆಲ್ಲಿ ಯಾವ ಎನ್‌ಕ್ರಿಪ್ಶನ್ ಇದೆ ಎಂದು ಪಟ್ಟಿ ಮಾಡಿ, ಬದಲಿಸುವ ಯೋಜನೆ ಹಾಕುವುದು. ಇಂಥ ಪಟ್ಟಿ ಮಾಡಲು ಭೌತವಿಜ್ಞಾನಿ ಬೇಕಿಲ್ಲ. ಗುಮಾಸ್ತರ ತಾಳ್ಮೆ ಬೇಕು, ಅದಕ್ಕೊಂದು ಬಜೆಟ್ ಬೇಕು.

ಕ್ವಾಂಟಮ್ ಕೀಲಿಯ ಜಾಲವನ್ನೇ ಹಾಕಿಸಿದರೆ ಆಗುವುದಿಲ್ಲವಾ? ಅದನ್ನು ಕದಿಯಲು ಸಾಧ್ಯವೇ ಇಲ್ಲವಂತಲ್ಲ?

ಬೆಳಕಿನ ಒಂಟಿ ಕಣಗಳ ಮೂಲಕ ಕೀಲಿ ಕಳಿಸುವ ಉಪಾಯವನ್ನು ಚಾರ್ಲ್ಸ್ ಬೆನೆಟ್ ಮತ್ತು ಜಿಲ್ ಬ್ರಸಾರ್ 1984ರಲ್ಲಿ ಕೊಟ್ಟರು. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲು ಬರುವುದಿಲ್ಲ, ಆದ್ದರಿಂದ ಯಾರಾದರೂ ಕದ್ದು ನೋಡಿದರೆ ಕುರುಹು ಉಳಿಯುತ್ತದೆ. ನಗರಗಳು ಇದನ್ನು ಬೇಗನೇ ಪ್ರಯತ್ನಿಸಿವೆ. 2004ರಲ್ಲಿ ವಿಯೆನ್ನಾದ ನಗರಸಭಾ ಭವನದಿಂದ ಒಂದು ಬ್ಯಾಂಕಿಗೆ ಹೀಗೆ ಹಣ ಕಳಿಸಲಾಯಿತು. ಫೈಬರ್ ಎಳೆದದ್ದು ಒಳಚರಂಡಿಯ ಒಳಗೆ. ಭವಿಷ್ಯದ ತಂತ್ರಜ್ಞಾನಕ್ಕೂ ಊರಿನ ಮೋರಿಯೇ ದಾರಿಯಾಯಿತು! 2007ರಲ್ಲಿ ಜಿನೀವಾ ಚುನಾವಣೆಯ ಮತ ಎಣಿಕೆಯ ಮಾಹಿತಿ ಕಳಿಸಲು ಇಂಥದ್ದೇ ಕೊಂಡಿ ಬಳಸಿತು. 2017ರಲ್ಲಿ ಚೀನಾದ ಮೀಷಿಯಸ್ ಉಪಗ್ರಹ ಕೊಟ್ಟ ಕೀಲಿಯಿಂದ ಬೀಜಿಂಗ್ ಮತ್ತು ವಿಯೆನ್ನಾ ನಡುವೆ ವಿಡಿಯೊ ಕರೆ ನಡೆಯಿತು.

ಇಷ್ಟಾದರೂ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ತನ್ನ ರಾಷ್ಟ್ರೀಯ ಭದ್ರತಾ ಜಾಲಗಳಿಗೆ ಇದನ್ನು ಶಿಫಾರಸು ಮಾಡುವುದಿಲ್ಲ. ಕಾರಣಗಳು ನೇರವಾಗಿವೆ. ವಿಶೇಷ ಉಪಕರಣ ಬೇಕು. ಫೈಬರಿನಲ್ಲಿ ದೂರ ಹೋದಷ್ಟೂ ಬೆಳಕು ಸೋರುತ್ತದೆ, ಹಾಗಾಗಿ ನಡುನಡುವೆ ನಂಬಿಕಸ್ಥ ಕೇಂದ್ರಗಳನ್ನು ಇಡಬೇಕು. ಆ ತುದಿಯಲ್ಲಿರುವವರು ನಿಜವಾಗಿ ಯಾರು ಎಂಬುದನ್ನು ಇದು ಹೇಳುವುದಿಲ್ಲ. ನಿಯಮ ಮೋಸ ಮಾಡದಿದ್ದರೂ ಪೆಟ್ಟಿಗೆ ಕೈಕೊಡಬಹುದು. ಜಿನೀವಾದಲ್ಲೂ ರಕ್ಷಣೆ ಸಿಕ್ಕಿದ್ದು ಒಂದು ಕೊಂಡಿಗೆ ಮಾತ್ರ. ಎಣಿಸುವವರ ಪ್ರಾಮಾಣಿಕತೆಗೆ ಬೇರೆಯದೇ ವ್ಯವಸ್ಥೆ ಬೇಕಲ್ವಾ? ಸಂಶೋಧನೆಗೆ ಈ ಜಾಲ ಖಂಡಿತ ಬೇಕು. ಆದರೆ ಸೀಮಿತ ಹಣವಿರುವ ಊರು ಮೊದಲು ಹೊಸ ಗಣಿತಕ್ಕೆ ಬದಲಾಗುವುದೇ ಜಾಣತನ.

ಕ್ವಾಂಟಮ್ ಸಂವೇದಕಗಳಿಂದ ಏನು ಉಪಯೋಗ?

ಯಾವ ಊರಿನಲ್ಲಾದರೂ ರಸ್ತೆ ಅಗೆಯುವವರಿಗೆ ಕೆಳಗೆ ಏನಿದೆ ಎಂದು ಪೂರ್ತಿ ಗೊತ್ತಿರುವುದಿಲ್ಲ. 2022ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ, ತಣ್ಣಗೆ ಮಾಡಿದ ಪರಮಾಣುಗಳ ಮೋಡಗಳು ಬೀಳುವುದನ್ನು ಅಳೆದು, ನೆಲದಿಂದ ಸುಮಾರು ಒಂದು ಮೀಟರ್ ಕೆಳಗಿದ್ದ ಸುರಂಗವನ್ನು ಪತ್ತೆ ಮಾಡಿತು. ಟೊಳ್ಳಿನ ಮೇಲೆ ಗುರುತ್ವ ತುಸು ಕಡಿಮೆ. ಒಂದರ ಮೇಲೊಂದು ಎರಡು ಮೋಡಗಳನ್ನು ಅಳೆದು ಹೋಲಿಸುವುದರಿಂದ ವಾಹನಗಳ ಅದುರುವಿಕೆಯ ಗೊಂದಲ ಬಹುಪಾಲು ಕಳೆದುಹೋಗುತ್ತದೆ. ಪ್ರಯೋಗಾಲಯದ ಹೊರಗೆ, ನಿಜವಾದ ರಸ್ತೆಯ ಅಡಿಯಲ್ಲಿ ನಡೆದದ್ದರಿಂದ ಈ ಪ್ರಯೋಗಕ್ಕೆ ಬೆಲೆ ಜಾಸ್ತಿ.

ನಾಟಿಂಗ್‌ಹ್ಯಾಮ್‌ನಲ್ಲಿ 2018ರಲ್ಲಿ ತಲೆಗೆ ಹಾಕಿಕೊಳ್ಳುವ ಮೆದುಳಿನ ಸ್ಕ್ಯಾನರ್ ಬಂತು. ಮೆದುಳಿನ ಅತಿ ಸಣ್ಣ ಕಾಂತಕ್ಷೇತ್ರವನ್ನು ಪರಮಾಣುಗಳಿಂದ ಅಳೆಯುವ ಇದನ್ನು ಹಾಕಿಕೊಂಡು ತಲೆ ಅಲ್ಲಾಡಿಸಬಹುದು. ಒಂದು ಕಡೆ ಅಲುಗದೆ ಕೂರಲಾರದ ಮಕ್ಕಳಿಗೆ ಇದು ದೊಡ್ಡ ಅನುಕೂಲ.

ಇಂಥ ಉಪಕರಣಗಳಿಂದ ನಮ್ಮ ಖಾಸಗಿತನಕ್ಕೆ ಅಪಾಯವಿಲ್ಲವಾ?

ಗುರುತ್ವ ಅಳೆಯುವ ಯಂತ್ರ ನಿಮ್ಮ ಮನೆಯೊಳಗೆ ಇಣುಕಲಾರದು. ಆದರೆ ನೆಲದಡಿಯ ನಕ್ಷೆ ಯಾರ ಕೈಯಲ್ಲಿರಬೇಕು, ಮೆದುಳಿನ ದತ್ತಾಂಶವನ್ನು ಎಷ್ಟು ದಿನ ಇಡಬೇಕು ಎಂಬ ಪ್ರಶ್ನೆಗಳು ಖಂಡಿತ ಬರುತ್ತವೆ. ಕ್ಯಾಮೆರಾ ಕಂಬಗಳನ್ನು ಮೊದಲು ನೆಟ್ಟು ನಿಯಮಗಳನ್ನು ಆಮೇಲೆ ಹುಡುಕಿದ ಊರುಗಳು ಬೇಕಾದಷ್ಟಿವೆ. ಇಲ್ಲಿ ಇನ್ನೂ ಸಮಯವಿದೆ.

ಗಣಿತವೇ ಬಾರದವರು ಇಂಥ ಚರ್ಚೆಯಲ್ಲಿ ಏನು ಹೇಳಿಯಾರು?

ಸೇತುವೆ ಎಲ್ಲಿ ಬೇಕು ಎಂದು ಹೇಳಲು ಕಾಂಕ್ರೀಟಿನ ರಸಾಯನಶಾಸ್ತ್ರ ಗೊತ್ತಿರಬೇಕು ಎಂದು ಯಾರೂ ಹೇಳುವುದಿಲ್ಲ. ಯಾರ ಹಣ, ಯಾರಿಗೆ ಲಾಭ, ಯಾರು ಪರೀಕ್ಷಿಸುತ್ತಾರೆ, ಕೆಟ್ಟರೆ ಯಾರು ಹೊಣೆ? ಇವು ಯಾರು ಬೇಕಾದರೂ ಕೇಳಬಹುದಾದ ಪ್ರಶ್ನೆಗಳು. ಕ್ವಾಂಟಮ್ ಎಂದಕೂಡಲೇ ಇವನ್ನು ಕೇಳುವುದು ನಿಂತುಹೋಗುತ್ತದೆ, ಅದೇ ತೊಂದರೆ. "ವಿಚಿತ್ರ", "ಯಾರಿಗೂ ಅರ್ಥವಾಗದ್ದು" ಎಂದು ಮತ್ತೆಮತ್ತೆ ಹೇಳುವ ವಿಜ್ಞಾನ ಪ್ರಚಾರವೂ ಇದಕ್ಕೆ ಕಾರಣ. ಬೆರಗು ಹುಟ್ಟಿಸುವುದು ಒಳ್ಳೆಯದೇ, ಆದರೆ ಬೆರಗಾದವರು ಲೆಕ್ಕ ಕೇಳುವುದಿಲ್ಲ.

ಡೆನ್ಮಾರ್ಕ್ 1987ರಲ್ಲಿ ಜೀನ್ ತಂತ್ರಜ್ಞಾನದ ಬಗ್ಗೆ ಒಂದು ಪದ್ಧತಿ ಶುರು ಮಾಡಿತು. ತಜ್ಞರಲ್ಲದ ಹತ್ತಾರು ಜನರ ಗುಂಪು. ಅವರು ಮೊದಲು ಓದಿಕೊಳ್ಳುತ್ತಾರೆ, ಪ್ರಶ್ನೆಗಳನ್ನು ತಾವೇ ಗೊತ್ತುಮಾಡುತ್ತಾರೆ, ತಜ್ಞರನ್ನು ಕರೆಸಿ ಎಲ್ಲರೆದುರು ಕೇಳುತ್ತಾರೆ, ಕೊನೆಗೆ ತಮ್ಮ ವರದಿಯನ್ನು ತಾವೇ ಬರೆಯುತ್ತಾರೆ. ಇಲ್ಲಿ ಮುಖ್ಯವಾದದ್ದು ಪ್ರಶ್ನೆಪತ್ರಿಕೆ ಜನರ ಕೈಯಲ್ಲಿದೆ ಎಂಬುದು. ತಜ್ಞರು ಒಂದು ಗಂಟೆ ಭಾಷಣ ಮಾಡಿ, ಕೊನೆಯ ಐದು ನಿಮಿಷ "ಪ್ರಶ್ನೆ ಇದ್ದರೆ ಕೇಳಿ" ಎನ್ನುವುದು ಚರ್ಚೆಯಲ್ಲ.

ಜನ ನಿಜವಾಗಿಯೂ ಕ್ವಾಂಟಮ್ ಪ್ರಯೋಗದಲ್ಲಿ ಭಾಗವಹಿಸಿದ ಉದಾಹರಣೆ ಇದೆಯಾ?

ಇದೆ, ಅದೂ ಸೊಗಸಾದದ್ದು. ಎಂಟ್ಯಾಂಗಲ್ ಆದ, ಅಂದರೆ ಹೆಣೆದುಕೊಂಡ ಎರಡು ಕಣಗಳನ್ನು ದೂರ ಒಯ್ದು ಅಳೆದರೂ ಫಲಿತಾಂಶಗಳಲ್ಲಿ ಹೊಂದಿಕೆ ಕಾಣುತ್ತದೆ. ಈ ಹೊಂದಿಕೆ ಮೊದಲೇ ಬರೆದಿಟ್ಟದ್ದೋ ಅಲ್ಲವೋ ಎಂದು ಪರೀಕ್ಷಿಸುವ ದಾರಿಯನ್ನು ಜಾನ್ ಬೆಲ್ 1964ರಲ್ಲಿ ತೋರಿಸಿದರು. ಆ ಪರೀಕ್ಷೆಗೆ ಒಂದು ಷರತ್ತಿದೆ. ಯಾವ ದಿಕ್ಕಿನಲ್ಲಿ ಅಳೆಯಬೇಕು ಎಂಬುದು ಕಣಕ್ಕೆ ಮೊದಲೇ "ಗೊತ್ತಿರಬಾರದು". ಯಂತ್ರ ಆರಿಸಿದರೆ, ಆ ಯಂತ್ರವೂ ಅದೇ ಭೌತನಿಯಮಗಳಿಗೆ ಸೇರಿದ್ದಲ್ಲವಾ ಎಂಬ ಅನುಮಾನ ಉಳಿಯುತ್ತದೆ. ಹಾಗಾಗಿ 2016ರ ನವೆಂಬರ್ 30ರಂದು ಲೋಕದ ಹಲವೆಡೆಯ ಸುಮಾರು 1 ಲಕ್ಷ ಜನ ಒಂದು ಆಟ ಆಡುತ್ತ ಮನಬಂದಂತೆ ಸೊನ್ನೆ, ಒಂದು ಒತ್ತಿದರು. ಸುಮಾರು 9.7 ಕೋಟಿ ಬಿಟ್‌ಗಳು ಬಂದವು. ಐದು ಖಂಡಗಳ ಪ್ರಯೋಗಾಲಯಗಳು ಅವನ್ನು ಬಳಸಿ ಅಳೆದವು. ಗೆದ್ದದ್ದು ಕ್ವಾಂಟಮ್: ಹೊಂದಿಕೆ ಮೊದಲೇ ಬರೆದಿಟ್ಟದ್ದಲ್ಲ. ಇಲ್ಲಿ ಜನ ಬರೀ ಪ್ರೇಕ್ಷಕರಾಗಿರಲಿಲ್ಲ, ಪ್ರಯೋಗದ ಒಂದು ಭಾಗವೇ ಅವರಾಗಿದ್ದರು. ಇದೇ ಹೆಣಿಗೆಯ ಮೇಲಿನ ಪ್ರಯೋಗಗಳಿಗಾಗಿ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು.

ಎಲ್ಲ ಪ್ರಯತ್ನಗಳೂ ಹೀಗೆ ಗೆಲ್ಲುವುದಿಲ್ಲ. ಪರಮಾಣುಗಳನ್ನು ಸಾಗಿಸುವ ಒಂದು ಸಮಸ್ಯೆಯಲ್ಲಿ ಆಟಗಾರರು ಕಂಪ್ಯೂಟರನ್ನು ಮೀರಿಸಿದರು ಎಂದು 2016ರಲ್ಲಿ ಒಂದು ಪ್ರಬಂಧ ಬಂದಿತ್ತು. ಲೆಕ್ಕದಲ್ಲಿ ತಪ್ಪು ಸಿಕ್ಕಿ 2020ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ವಿಜ್ಞಾನ ಮೇಳಗಳಲ್ಲಿ ಈ ಎರಡನೆಯ ಕಥೆಯನ್ನೂ ಹೇಳಬೇಕು.

ಸುದ್ದಿಯಲ್ಲಿ ಬರುವ ಮಾತುಗಳಲ್ಲಿ ಯಾವುದನ್ನು ನಂಬುವುದು?

2019ರಲ್ಲಿ ಗೂಗಲ್ 53 ಕ್ಯೂಬಿಟ್‌ಗಳ ಯಂತ್ರದಲ್ಲಿ 200 ಸೆಕೆಂಡಿನಲ್ಲಿ ಮಾಡಿದ ಕೆಲಸಕ್ಕೆ ಸೂಪರ್ ಕಂಪ್ಯೂಟರಿಗೆ 10,000 ವರ್ಷ ಬೇಕು ಎಂದಿತು. ಇಲ್ಲ, ಎರಡೂವರೆ ದಿನ ಸಾಕು ಎಂದು ಐಬಿಎಂ ಹೇಳಿತು. ಆಮೇಲೆ ಬೇರೆಯವರು ಮಾಮೂಲಿ ಚಿಪ್‌ಗಳಲ್ಲೇ ಗಂಟೆಗಳಲ್ಲಿ ಮಾಡಿ ತೋರಿಸಿದರು. ಹಾಗೆಂದು ಗೂಗಲ್ ಸುಳ್ಳು ಹೇಳಿತು ಎಂದಲ್ಲ. ಆ ದಿನ ಗೊತ್ತಿದ್ದ ವಿಧಾನಕ್ಕೆ ಹೋಲಿಸಿದ ಲೆಕ್ಕ ಅದು. ಅಲ್ಲದೆ ಆ ಕೆಲಸದಿಂದ ಯಾರಿಗೂ ನೇರ ಉಪಯೋಗವಿರಲಿಲ್ಲ, ಯಂತ್ರದ ಕಸುವು ತೋರಿಸಲೆಂದೇ ಆರಿಸಿಕೊಂಡದ್ದು.

ಹಾಗಾಗಿ ಕ್ಯೂಬಿಟ್ ಎಷ್ಟು ಎಂಬುದೊಂದನ್ನೇ ನೋಡಬೇಡಿ. ತಪ್ಪಿನ ಪ್ರಮಾಣ ಎಷ್ಟು, ಹೋಲಿಸಿದ್ದು ಯಾವುದಕ್ಕೆ, ಹೊರಗಿನವರು ಪರೀಕ್ಷಿಸಿದ್ದಾರಾ ಎಂದು ನೋಡಿ. "ಮುಂದಿನ ಐದು ವರ್ಷಗಳಲ್ಲಿ" ಎಂಬ ಮಾತಿನ ಪಕ್ಕದಲ್ಲಿ ಇವತ್ತಿನ ತಾರೀಕು ಬರೆದಿಟ್ಟುಕೊಳ್ಳಿ.

ಕ್ವಾಂಟಮ್ ಚಿಕಿತ್ಸೆ, ಕ್ವಾಂಟಮ್ ಬಳೆ?

ಹೆಸರು ಮಾತ್ರ ಕ್ವಾಂಟಮ್. ಎಂಆರ್‌ಐ ಎಂಬ ನಿಜವಾದ ಕ್ವಾಂಟಮ್ ಯಂತ್ರದ ಮೇಲೆ ಆ ಹೆಸರು ಬರೆದಿರುವುದಿಲ್ಲ.

ಹೆಣೆದುಕೊಂಡ ಕಣಗಳಿಂದ ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸಬಹುದಾ?

ಆಗುವುದಿಲ್ಲ. ಒಂದು ತುದಿಯಲ್ಲಿ ಕಾಣುವುದು ಬರೀ ಗೊತ್ತುಗುರಿಯಿಲ್ಲದ ಫಲಿತಾಂಶ. ಎರಡೂ ತುದಿಯ ಪಟ್ಟಿಗಳನ್ನು ಮಾಮೂಲಿ ದಾರಿಯಲ್ಲಿ ತಂದು ಹೋಲಿಸಿದಾಗ ಮಾತ್ರ ಹೊಂದಿಕೆ ಕಾಣುತ್ತದೆ.

ನಮ್ಮ ಓಣಿಯಲ್ಲಿ, ಗ್ರಂಥಾಲಯದಲ್ಲಿ ಒಂದು ಕಾರ್ಯಕ್ರಮ ಮಾಡಬೇಕು. ಎಲ್ಲಿಂದ ಶುರು ಮಾಡುವುದು?

ಪೆಟ್ಟಿಗೆಯೊಳಗಿನ ಬೆಕ್ಕು ಸತ್ತೂ ಇದೆ, ಬದುಕಿಯೂ ಇದೆ ಎನ್ನುವ ಪ್ರಸಿದ್ಧ ಕಥೆಯಿಂದ ಬೇಡ. ಭೌತವಿಜ್ಞಾನಿ ಶ್ರೋಡಿಂಗರ್ 1935ರಲ್ಲಿ ಅದನ್ನು ಹೇಳಿದ್ದೇ ವಿವರಣೆಯಲ್ಲಿ ಏನೋ ಎಡವಟ್ಟಿದೆ ಎಂದು ತೋರಿಸಲು. ಈಗ ಅದೇ ವಿವರಣೆಯ ಹಾಗೆ ಬಳಕೆಯಾಗುತ್ತಿದೆ.

ಬೆಳಕಿನಿಂದ ಶುರು ಮಾಡಿ. ಹಳೆಯ ಸಿಡಿಯೊಂದನ್ನು ಬೇರೆಬೇರೆ ದೀಪಗಳ ಕೆಳಗೆ ಓರೆಯಾಗಿ ಹಿಡಿಯಿರಿ. ತಂತಿಯ ಬಲ್ಬಿನಲ್ಲಿ ಬಣ್ಣಗಳು ಒಂದಕ್ಕೊಂದು ಬೆಸೆದಿರುತ್ತವೆ. ಸಿಎಫ್‌ಎಲ್ ದೀಪದಲ್ಲಿ ಬಿಡಿಬಿಡಿ ಪಟ್ಟೆಗಳು ಕಾಣುತ್ತವೆ. ಪರಮಾಣು ಮನಬಂದಷ್ಟು ಶಕ್ತಿ ಇಟ್ಟುಕೊಳ್ಳಲಾರದು, ಗೊತ್ತಾದ ಮೆಟ್ಟಿಲುಗಳಲ್ಲೇ ಇರಬೇಕು ಎಂಬುದಕ್ಕೆ ಆ ಪಟ್ಟೆಗಳೇ ಸಾಕ್ಷಿ.

ಎರಡನೆಯದಕ್ಕೆ ಪೋಲರಾಯ್ಡ್ ಹಾಳೆಯ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆಯ, ಮೂರು ತುಂಡು ಬೇಕು. ಎರಡನ್ನು ಒಂದಕ್ಕೊಂದು ಅಡ್ಡವಾಗಿಟ್ಟರೆ ಬೆಳಕು ನಿಂತುಹೋಗುತ್ತದೆ. ಈಗ ಮೂರನೆಯದನ್ನು ಅವುಗಳ ನಡುವೆ 45 ಡಿಗ್ರಿ ಓರೆಯಾಗಿ ತೂರಿಸಿ. ಇನ್ನೊಂದು ತಡೆ ಹಾಕಿದ ಮೇಲೆ ಬೆಳಕು ಹೊರಗೆ ಬರುತ್ತದೆ! ಅಲೆಯ ಲೆಕ್ಕದಿಂದ ಇದನ್ನು ವಿವರಿಸಬಹುದು. ಬೆಳಕಿನ ಕಣ ಒಂದೊಂದಾಗಿ ಬಂದರೂ ಹೀಗೇ ಆಗುತ್ತದೆ ಎಂದಾಗ ಅಳೆಯುವುದೆಂದರೆ ಕಣವನ್ನು ಬದಲಿಸುವುದೂ ಹೌದು ಎಂಬಲ್ಲಿಗೆ ಮಾತು ತಾನೇ ಬರುತ್ತದೆ. ಅಲ್ಲಿಂದ ಕ್ವಾಂಟಮ್ ಕೀಲಿಗೆ ಒಂದೇ ಹೆಜ್ಜೆ.

ಇನ್ನೂ ಮುಂದೆ ಹೋಗುವವರಿಗೆ ನಿಜವಾದ ಕ್ವಾಂಟಮ್ ಯಂತ್ರಗಳೇ ಇವೆ. ಐಬಿಎಂ 2016ರ ಮೇ ತಿಂಗಳಲ್ಲಿ 5 ಕ್ಯೂಬಿಟ್‌ಗಳ ಯಂತ್ರವೊಂದನ್ನು ಇಂಟರ್ನೆಟ್ ಮೂಲಕ ಎಲ್ಲರಿಗೂ ತೆರೆದಿಟ್ಟಿತು.

ಊರಿನ ಆಡಳಿತವನ್ನು ಕೇಳುವುದಾದರೆ ಏನು ಕೇಳಬೇಕು?

ಮೂರು ಪ್ರಶ್ನೆಗಳನ್ನು ಬರೆದು ಕೊಡಿ, ಉತ್ತರವನ್ನೂ ಬರಹದಲ್ಲೇ ಕೇಳಿ. ನಮ್ಮ ದಾಖಲೆಗಳಲ್ಲಿ ಯಾವುವು ಹತ್ತು ವರ್ಷಕ್ಕಿಂತ ಜಾಸ್ತಿ ಗುಟ್ಟಾಗಿರಬೇಕು? ಅವಕ್ಕೆ ಬಳಸಿರುವ ಎನ್‌ಕ್ರಿಪ್ಶನ್ ಯಾವುದು ಎಂಬ ಪಟ್ಟಿ ಇದೆಯಾ? ಈ ವರ್ಷ ಕೊಳ್ಳುತ್ತಿರುವ ಉಪಕರಣಗಳಲ್ಲಿ ಅದನ್ನು ಬದಲಿಸಲು ಬರುತ್ತದಾ? ಉತ್ತರ "ಪರಿಶೀಲಿಸಲಾಗುವುದು" ಎಂದು ಬಂದರೆ, ಯಾವ ತಾರೀಕಿನೊಳಗೆ ಎಂದು ನಾಲ್ಕನೆಯದನ್ನು ಕೇಳಿ.